ಉದ್ಯೋಗ ಸಂದರ್ಶನವೂ ಎರವಿನ ಉತ್ತರವೂ

ವಿದ್ಯೆಯ ಪ್ರಯೋಜನಗಳಲ್ಲಿ ಜೀವನೋಪಾಯವೂ ಒಂದೆಂಬುದನ್ನು ಪೂರ್ವಿಕರಾಗಲಿ ಇಂದಿನವರಾಗಲಿ ಅಲ್ಲಗಳೆದವರಲ್ಲ. ವೇದವನ್ನು ಓದಿದವನು ಪೌರೋಹಿತ್ಯದಿಂದಲೂ, ಆಯುರ್ವೇದವನ್ನು ಓದಿದವನು ಚಿಕಿತ್ಸೆಯಿಂದಲೂ, ಗಣಿತವನ್ನು ಬಲ್ಲವನು ಶಾನುಭೋಗಿಕೆಯಿಂದಲೂ ಹೊಟ್ಟೆ ಹೊರೆದುಕೊಂಡು ಬಂದ ನಾಡಿದು. ಆದುದರಿಂದ ಇಂದಿನ ಕಾಲೇಜುಗಳ ಕಡೆಯ ವರ್ಷದ ವಿದ್ಯಾರ್ಥಿಗಳು ಉದ್ಯೋಗದ ಚಿಂತೆಯಲ್ಲಿ ಮುಳುಗಿರುವರೆಂದು ಅವರನ್ನು ಹಳಿಯುವುದು ನ್ಯಾಯವೆನಿಸದು. ಹೊಲವನ್ನು ಒತ್ತೆಯಿಟ್ಟೋ ಬ್ಯಾಂಕಿನಲ್ಲಿ ಸಾಲವೆತ್ತಿಯೋ ಮಕ್ಕಳನ್ನು ಓದಿಸಿದ ತಂದೆತಾಯಿಗಳಿಗೆ ಆ ಚಿಂತೆ ಮಕ್ಕಳಿಗಿಂತಲೂ ಹೆಚ್ಚು. ಇಲ್ಲಿ ವಿಚಾರಕ್ಕೆ ಬರತಕ್ಕ ವಿಷಯ ಬೇರೆ. ಉದ್ಯೋಗಕ್ಕೆಂದು ಈಗ ನಡೆಯುತ್ತಿರುವ ಸಿದ್ಧತೆ ಎಂಥದು, ಅದು ಹುಡುಗರ ಬುದ್ಧಿಯನ್ನು ಹರಿತಗೊಳಿಸುವುದೋ ಮೊಂಡುಮಾಡುವುದೋ, ಅವರ ಸತ್ಯನಿಷ್ಠೆಯನ್ನು ಬೆಳೆಸುವುದೋ ಕೆಡಿಸುವುದೋ, ಎಂಬುದನ್ನು ವಿದ್ಯಾವಂತರ ಮನೆಗಳಲ್ಲಿಯೂ ಕೇಳುವವರು ವಿರಳ.

ಸಂಸ್ಥೆಗಳು ಕಾಲೇಜಿಗೇ ಬಂದು, ಪದವಿ ಕೈಸೇರುವ ಮೊದಲೇ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಆರಿಸಿಕೊಳ್ಳುವ ಪದ್ಧತಿಗೆ ಕ್ಯಾಂಪಸ್ ನೇಮಕಾತಿಯೆಂದು ಹೆಸರು. ಹೀಗೆ ಬರುವವುಗಳಲ್ಲಿ ವೃತ್ತಿಸೇವಾ ಸಂಸ್ಥೆಗಳೆನಿಸಿದವುಗಳ ಮೇಲೆ ವಿದ್ಯಾರ್ಥಿಗಳಿಗೆ ವಿಶೇಷವಾದ ಮೋಹವುಂಟು. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿ ಎಂಬ ನಾಲ್ಕು ಇವುಗಳಲ್ಲಿ ಅಗ್ರಗಣ್ಯವಾದವು. ನಾಲ್ಕಕ್ಕೂ ಬೆಂಗಳೂರಿನಲ್ಲಿ ಕಚೇರಿಗಳಿವೆ. ವಾಣಿಜ್ಯ ಪದವೀಧರರಲ್ಲದೆ ಇಂಜಿನಿಯರಿಂಗ್ ಓದಿದವರೂ ಅಲ್ಲಿ ಸೇರುವರು. ಸರಕನ್ನು ತಯಾರಿಸುವುದಾಗಲಿ ಅಂಗಡಿಯಿಡುವುದಾಗಲಿ ಇವುಗಳ ಕಸುಬಲ್ಲ. ಲೆಕ್ಕ ಪರಿಶೋಧನೆ, ತೆರಿಗೆಯ ವಿಚಾರ, ವ್ಯವಹಾರದ ಸಲಹೆ, ಇವೇ ಇವು ಮಾರುವ ಪದಾರ್ಥಗಳು.

ಈ ಕಸುಬು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ವಿಲಿಯಂ ವೆಲ್ಚ್ ಡೆಲಾಯ್ಟ್ ಎಂಬಾತನು ೧೮೪೫ರಲ್ಲಿಯೂ, ಸ್ಯಾಮ್ಯುಯೆಲ್ ಲೋವೆಲ್ ಪ್ರೈಸ್ ಎಂಬಾತನು ೧೮೪೯ರಲ್ಲಿಯೂ ಲಂಡನ್ ನಗರದಲ್ಲಿ ಲೆಕ್ಕಿಗರ ಕಚೇರಿಗಳನ್ನು ತೆರೆದರು. ಅದು ರೈಲುಮಾರ್ಗಗಳ ಕಾಲ. ದೂರದೂರದ ಗೃಹಸ್ಥರು ತಮ್ಮ ಉಳಿತಾಯವನ್ನು ರೈಲ್ವೆ ಕಂಪನಿಗಳಲ್ಲಿ ಹೂಡುತ್ತಿದ್ದರು. ಕಂಪನಿಯ ದಫ್ತರವನ್ನು ತಾವೇ ಹೋಗಿ ನೋಡುವ ಶಕ್ತಿ ಅವರಿಗಿರಲಿಲ್ಲ. ಅವರ ಪರವಾಗಿ ನೋಡಿ, ಕಂಡದ್ದನ್ನು ಕಂಡಂತೆ ಹೇಳುವ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ಬೇಕಾದನು. ಡೆಲಾಯ್ಟನು ಗ್ರೇಟ್ ವೆಸ್ಟರ್ನ್ ರೈಲ್ವೆಯ ಲೆಕ್ಕವನ್ನು ಪರಿಶೋಧಿಸಿದ್ದು ಇಂಥ ಸಾಕ್ಷಿಯಾಗಿ. ಆಡಿಟರ್ ಎಂಬ ಪದಕ್ಕೆ ಮೂಲವಾದ ಲ್ಯಾಟಿನ್ ಧಾತುವಿಗೆ ಕೇಳುವುದೆಂದೇ ಅರ್ಥ. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದುದರಿಂದ ಆ ಹೆಸರು ಬಂದಿತು. ಭಾರತದ ೨೦೧೩ನೆಯ ಇಸವಿಯ ಕಂಪನಿ ಕಾಯಿದೆಯಂತೆ ಪ್ರತಿಯೊಂದು ಕಂಪನಿಯೂ ಲೆಕ್ಕ ಪರಿಶೋಧಕನನ್ನು ನೇಮಿಸಿಕೊಳ್ಳಲೇಬೇಕು. ಆತನು ಆ ಲೆಕ್ಕಗಳು ಕಂಪನಿಯ ಸ್ಥಿತಿಯನ್ನು ಸತ್ಯವಾಗಿಯೂ ನ್ಯಾಯವಾಗಿಯೂ ತೋರಿಸುವುವೇ ಎಂಬುದಕ್ಕೆ ಸಹಿಹಾಕಿ ವರದಿ ಕೊಡಬೇಕು. ಎಂದಮೇಲೆ ಈ ಸಂಸ್ಥೆಗಳ ಮೂಲಧನವು ಕಟ್ಟಡವೂ ಅಲ್ಲ, ಯಂತ್ರವೂ ಅಲ್ಲ, ನಂಬತಕ್ಕ ಮಾತು. ಆ ಮಾತು ಸುಳ್ಳಾದ ದಿನ ಸಂಸ್ಥೆಗೆ ಉಳಿಯುವುದು ನಾಮಫಲಕ ಮಾತ್ರ.

ಇಂಥ ಮನೆಯ ಹೊಸ್ತಿಲನ್ನು ದಾಟಲು ಹುಡುಗರನ್ನು ಹೇಗೆ ಸಿದ್ಧಗೊಳಿಸುತ್ತಾರೆ? ಸಂಸ್ಥೆಯಿಂದ ಸಂಸ್ಥೆಗೆ ಕ್ರಮದಲ್ಲಿ ಸ್ವಲ್ಪ ಭೇದವಿದ್ದರೂ ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಿರುವುವು. ಮೊದಲು ಗಣಿತ, ತರ್ಕ, ಆಂಗ್ಲಭಾಷೆಗಳಲ್ಲಿ ಗಡಿಯಾರವಿಟ್ಟು ನಡೆಸುವ ಪರೀಕ್ಷೆ, ಬಳಿಕ ಅನೇಕ ಕಡೆ ಗುಂಪು ಚರ್ಚೆ, ಕಡೆಗೆ ಸಂದರ್ಶನ. ಈ ಮೂರಕ್ಕೂ ತರಬೇತಿ ಕೊಡುವ ಅಂಗಡಿಗಳು ಊರೂರಲ್ಲಿಯೂ ಹುಟ್ಟಿಕೊಂಡಿವೆ. ಎಷ್ಟೋ ಕಾಲೇಜುಗಳು ಅವನ್ನು ತಮ್ಮ ಅಂಗಳಕ್ಕೇ ಕರೆಸಿಕೊಂಡು, ಪಾಠದ ವೇಳೆಯನ್ನು ಅವುಗಳಿಗೆ ಬಿಟ್ಟುಕೊಟ್ಟಿವೆ. ಈ ಅಂಗಡಿಗಳಲ್ಲಿ ದೊರೆಯುವುದನ್ನು ಒಂದೊಂದಾಗಿ ಪರೀಕ್ಷಿಸೋಣವಾಗಲಿ.

ಮೊದಲನೆಯದು ಗಣಿತ. ಕೊಳಾಯಿ ಮತ್ತು ತೊಟ್ಟಿ, ಕೆಲಸ ಮತ್ತು ಕಾಲ, ಬಡ್ಡಿ ಮತ್ತು ಅಸಲು, ಇವೇ ಆ ಪರೀಕ್ಷೆಯ ಲೆಕ್ಕಗಳು. ಇವು ಈ ದೇಶಕ್ಕೆ ಹೊಸವಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕಕ್ಕೂ ಬಡ್ಡಿಯ ಲೆಕ್ಕಕ್ಕೂ ಪ್ರತ್ಯೇಕ ಪ್ರಕರಣಗಳಿವೆ. ೧೧೫೦ರ ಸುಮಾರಿನ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ತೊಟ್ಟಿ ತುಂಬುವ ಲೆಕ್ಕವೂ ಉಂಟು. ಅಲ್ಲಿ ರೀತಿಯನ್ನು ಹೇಳಿ ಉದಾಹರಣೆಯನ್ನು ಕೊಡುವುದು ಬುದ್ಧಿಯನ್ನು ನಡೆಸಲೆಂದು. ಇಲ್ಲಿ ಬುದ್ಧಿ ನಡೆಯದಂತೆ ಅಡ್ಡದಾರಿಯನ್ನು ಕಲಿಸುವರು. ಒಂದು ಕೊಳಾಯಿ ಮೂರು ಗಂಟೆಗಳಲ್ಲಿಯೂ ಇನ್ನೊಂದು ಆರು ಗಂಟೆಗಳಲ್ಲಿಯೂ ತೊಟ್ಟಿಯನ್ನು ತುಂಬಿದರೆ, ಗಂಟೆಗೆ ಮೂರನೆಯ ಒಂದು ಭಾಗವೂ ಆರನೆಯ ಒಂದು ಭಾಗವೂ ಕೂಡಿ ಅರ್ಧ ತೊಟ್ಟಿ ತುಂಬುವುದೆಂದೂ, ಆದುದರಿಂದ ಪೂರ್ಣ ತೊಟ್ಟಿಗೆ ಎರಡು ಗಂಟೆಯೆಂದೂ ಎಳೆಯ ಹುಡುಗನೂ ತಿಳಿಯಬಲ್ಲನು. ತರಬೇತಿಯ ಅಂಗಡಿಯು ಇದನ್ನು ಬಿಟ್ಟು, ಗುಣಲಬ್ಧವನ್ನು ಮೊತ್ತದಿಂದ ಭಾಗಿಸೆಂದು ಮಂತ್ರೋಪದೇಶ ಮಾಡುವುದು. ಹದಿನೆಂಟನ್ನು ಒಂಬತ್ತರಿಂದ ಭಾಗಿಸಿದರೆ ಎರಡು ಬಂದೇ ಬರುವುದು, ಉತ್ತರ ಸರಿಯೇ. ಆದರೆ ನಾಲ್ಕು ಗಂಟೆಗಳಲ್ಲಿ ತೊಟ್ಟಿಯನ್ನು ಬರಿದುಮಾಡುವ ತೂಬೊಂದನ್ನು ಸೇರಿಸಿ ಕೇಳಿದರೆ ಮಂತ್ರ ಕಲಿತವನು ಕಣ್ಣುಬಿಡುವನು. ಕಾರಣ ಬಲ್ಲವನು ಅರ್ಧದಲ್ಲಿ ಕಾಲನ್ನು ಕಳೆದು, ಉಳಿದ ಕಾಲುಭಾಗವೇ ಗಂಟೆಯ ಗತಿಯೆಂದು ಕಂಡು, ನಾಲ್ಕು ಗಂಟೆಯೆಂದು ಹೇಳುವನು. ಕಂಪನಿಗಳ ಲೆಕ್ಕದಲ್ಲಿ ತೂಬುಗಳಿಗೆ ಕೊರತೆಯಿಲ್ಲ. ಎಲ್ಲಿ ಸೋರುತ್ತಿದೆಯೆಂದು ಹುಡುಕುವುದಕ್ಕೇ ಪರಿಶೋಧಕನು ಬೇಕಾಗಿರುವುದು.

ಎರಡನೆಯದು ಗುಂಪು ಚರ್ಚೆ. ಎಂಟುಹತ್ತು ಮಂದಿಯನ್ನು ವೃತ್ತವಾಗಿ ಕೂರಿಸಿ, ಒಂದು ವಿಷಯವನ್ನು ಕೊಟ್ಟು, ಕಾಲು ಗಂಟೆ ಮಾತನಾಡಿಸುವರು. ನ್ಯಾಯಶಾಸ್ತ್ರದಲ್ಲಿ ಕಥೆಯು ವಾದ, ಜಲ್ಪ, ವಿತಂಡವೆಂದು ಮೂರು ವಿಧವಾಗಿದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ; ಗೆಲುವಿಗಾಗಿ ಛಲಜಾತಿಗಳನ್ನೂ ಬಳಸುವುದು ಜಲ್ಪ; ತನ್ನ ಪಕ್ಷವೆಂಬುದೇ ಇಲ್ಲದೆ ಪರರ ಪಕ್ಷವನ್ನು ಕೆಡವುವುದು ವಿತಂಡ. ತರಬೇತುದಾರರು ಕೊಡುವ ಬುದ್ಧಿವಾದಗಳನ್ನು ನೋಡಿದರೆ ಮೊದಲನೆಯದರ ಸುಳಿವೇ ಇಲ್ಲ. ಎಲ್ಲರಿಗಿಂತ ಮುಂಚೆ ಬಾಯಿ ತೆರೆಯಬೇಕು. ವಿಷಯ ತಿಳಿಯದಿದ್ದರೂ ಸುಮ್ಮನಿರಕೂಡದು. ಅಂಕೆಸಂಖ್ಯೆಯೊಂದನ್ನು ನಡುವೆ ಎಸೆಯಬೇಕು. ಕಡೆಯಲ್ಲಿ ಪರರು ಹೇಳಿದ್ದನ್ನು ಒಟ್ಟುಗೂಡಿಸಿ ತನ್ನದೆಂಬಂತೆ ಉಪಸಂಹರಿಸಬೇಕು. ಎದುರಾಳಿಯ ಮಾತು ಸರಿಯೆಂದು ತೋರಿದಾಗ ತನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳುವ ಹುಡುಗಿಯು ಈ ಶಾಸ್ತ್ರದ ಪ್ರಕಾರ ಸೋತವಳು. ವಾಸ್ತವವಾಗಿ ಆ ಕೋಣೆಯಲ್ಲಿ ಪರಿಶೋಧಕನ ಲಕ್ಷಣವಿದ್ದುದು ಅವಳೊಬ್ಬಳಲ್ಲಿಯೇ. ಏಕೆಂದರೆ ಕೇಳುವ ಕಿವಿ ಇದ್ದುದು ಅವಳಿಗೆ.

ಮೂರನೆಯದಾದ ಸಂದರ್ಶನದಲ್ಲಿ ದೋಷವು ಪರಾಕಾಷ್ಠೆಯನ್ನು ಮುಟ್ಟುವುದು. ನಿನ್ನ ವಿಷಯವಾಗಿ ಹೇಳು, ನಿನ್ನ ಗುಣವೇನು, ದೋಷವೇನು, ಈ ಸಂಸ್ಥೆಯನ್ನೇ ಏಕೆ ಬಯಸುವೆ, ಕಷ್ಟವೊಂದನ್ನು ಎದುರಿಸಿದ ಪ್ರಸಂಗವನ್ನು ವಿವರಿಸು: ಪ್ರಶ್ನೆಗಳು ಇಷ್ಟೇ. ಇವಕ್ಕೆ ಸಿದ್ಧವಾದ ಉತ್ತರಗಳು ಪುಸ್ತಕಗಳಲ್ಲಿ ಸಿಕ್ಕುವುವು, ಅಂಗಡಿಗಳಲ್ಲಿ ಸಿಕ್ಕುವುವು. ಇತ್ತೀಚೆಗೆ, ೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಕ್ಷಣಮಾತ್ರದಲ್ಲಿ ಯಂತ್ರವೇ ಬರೆದುಕೊಡುವುದು. ದೋಷವೇನೆಂದು ಕೇಳಿದರೆ, ಯಾವ ಕೆಲಸವನ್ನಾದರೂ ಪರಿಪೂರ್ಣವಾಗಿ ಮಾಡಬೇಕೆಂಬ ಹಟವೇ ತನ್ನ ದೋಷವೆಂದು ಉತ್ತರಿಸಬೇಕಂತೆ. ನಿಂದೆಯ ನೆಪದಲ್ಲಿ ಸ್ತುತಿ ಮಾಡುವುದನ್ನು ಆಲಂಕಾರಿಕರು ವ್ಯಾಜಸ್ತುತಿಯೆಂದರು; ರಾಜನನ್ನು ಹೊಗಳಲು ಕವಿಗಳು ಬಳಸುತ್ತಿದ್ದ ಅಲಂಕಾರವನ್ನು ಈಗ ಇಪ್ಪತ್ತೊಂದು ವರ್ಷದ ಹುಡುಗನು ತನ್ನನ್ನು ತಾನೇ ಹೊಗಳಿಕೊಳ್ಳಲು ಬಳಸುವನು. ಕಷ್ಟದ ಪ್ರಸಂಗವನ್ನು ಸನ್ನಿವೇಶ, ಕಾರ್ಯ, ಕ್ರಿಯೆ, ಫಲವೆಂದು ನಾಲ್ಕು ಅಂಗಗಳಾಗಿ ಹೇಳಬೇಕೆಂಬ ವಿಧಿಯೊಂದುಂಟು. ವಿಧಿಯೇನೋ ಒಳ್ಳೆಯದು, ಹೇಳುವ ಮಾತಿಗೆ ಕ್ರಮ ಬರುವುದು. ಆದರೆ ನಡೆಯದ ಸನ್ನಿವೇಶಕ್ಕೆ ಮಾಡದ ಕ್ರಿಯೆಯನ್ನೂ ಬಾರದ ಫಲವನ್ನೂ ಜೋಡಿಸಿ ಬಾಯಿಪಾಠ ಮಾಡಿಸಿದಲ್ಲಿ, ಅದಕ್ಕೆ ಕ್ರಮವಾದ ಸುಳ್ಳೆಂದಲ್ಲದೆ ಬೇರೆ ಹೆಸರಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪಾಠಶಾಲೆಗಳ ವಿದ್ಯೆಯೆಲ್ಲ ಕಂಠಪಾಠದಿಂದಲೇ ಬಂದುದಲ್ಲವೆ? ಅಲ್ಲಿ ಗುಣವಾದದ್ದು ಇಲ್ಲಿ ದೋಷವಾದೀತು ಹೇಗೆ? ಆಕ್ಷೇಪ ಯುಕ್ತವಾದದ್ದೇ, ಉತ್ತರವೂ ಕಠಿಣವಲ್ಲ. ಪಾಠಶಾಲೆಯ ಬಾಲಕನು ಅಮರಕೋಶವನ್ನು ಬಾಯಿಪಾಠ ಮಾಡಿದಾಗ ಅದು ಅಮರಸಿಂಹನ ಮಾತಾಗಿಯೇ ಉಳಿಯಿತು. ಸೂತ್ರಗಳನ್ನು ಒಪ್ಪಿಸಿದಾಗ ಅವು ಪಾಣಿನಿಯವಾಗಿಯೇ ಉಳಿದುವು. ಯಾರೂ ಅವನ್ನು ತನ್ನ ಬಾಳಿನ ಕಥೆಯೆಂದು ಹೇಳಿಕೊಳ್ಳಲಿಲ್ಲ. ಅದಲ್ಲದೆ ಆ ಕಂಠಪಾಠವು ಮೊದಲ ಮೆಟ್ಟಿಲು ಮಾತ್ರವಾಗಿತ್ತು. ಮುಂದೆ ವಾಕ್ಯಾರ್ಥಕ್ಕೆ ಕೂತಾಗ, ಈ ಸೂತ್ರದಲ್ಲಿ ಈ ಪದವೇಕೆ, ಇಲ್ಲದಿದ್ದರೆ ಹಾನಿಯೇನು, ಎಂಬ ಪ್ರಶ್ನೆಗಳೇಳುತ್ತಿದ್ದುವು. ಅಲ್ಲಿ ಗುರುವಿನ ಮಾತನ್ನೇ ಮರಳಿ ಹೇಳಿದವನಿಗೆ ಮನ್ನಣೆಯಿರಲಿಲ್ಲ. ಇಂದಿನ ಸಂದರ್ಶನದ ವಿದ್ಯಾರ್ಥಿಯಾದರೋ ಪರರ ಉತ್ತರವನ್ನು ಕಂಠಪಾಠ ಮಾಡಿ, ತಾನು ಎಂಬ ಪದವನ್ನು ಅದರ ಮೊದಲಿಗೆ ಅಂಟಿಸುವನು. ಕಂಠಪಾಠವು ತಪ್ಪಲ್ಲ, ತಪ್ಪಿರುವುದು ಆ ಅಂಕಿತದಲ್ಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ನಗರದ ಶ್ರೀಮಂತರ ಮಕ್ಕಳು ಹುಟ್ಟಿದಂದಿನಿಂದ ಇಂಗ್ಲಿಷಿನಲ್ಲಿ ಬೆಳೆದವರು. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗನು ಈ ತರಬೇತಿಯಾದರೂ ಇಲ್ಲದಿದ್ದರೆ ಅವರೆದುರು ನಿಲ್ಲುವುದೆಂತು? ಎರವಿನ ಉತ್ತರವೇ ಅವನಿಗೆ ಊರುಗೋಲು. ಅದನ್ನೂ ಕಿತ್ತುಕೊಳ್ಳುವುದು ನಿರ್ದಯವಲ್ಲವೆ? ಈ ಮಾತನ್ನಾಡುವವರ ಮನಸ್ಸಿನಲ್ಲಿ ಕನಿಕರವಿದೆ. ಆದರೆ ಫಲವನ್ನು ನೋಡಿದರೆ ಎಲ್ಲರಿಗಿಂತ ಹೆಚ್ಚು ಕೆಡುತ್ತಿರುವವನು ಆ ಹಳ್ಳಿಯ ಹುಡುಗನೇ. ಎರವಿನ ಉತ್ತರವು ಮೊದಲ ಪ್ರಶ್ನೆಗೆ ಸಾಕಾಗುವುದು. ಅದರ ಬೆನ್ನಲ್ಲೇ ಬರುವ ಎರಡನೆಯ ಪ್ರಶ್ನೆಗೆ ಮುರಿಯುವುದು. ನಗರದ ಹುಡುಗನು ಆಗ ಭಾಷೆಯ ಬಲದಿಂದ ತೇಲಿಹೋಗುವನು. ಹಳ್ಳಿಯ ಹುಡುಗನಿಗೆ ಆ ಬಲವಿಲ್ಲ. ಅವನಿಗೆ ನಿಜವಾಗಿ ಇರುವ ಬಲವೊಂದುಂಟು. ಅದನ್ನು ತರಬೇತಿಯವರೇ ಒರಸಿಹಾಕಿದ್ದಾರೆ. ತಾಯಿ ದಿನಾಲೂ ಹಾಲಿನ ಸಂಘಕ್ಕೆ ಹಾಕಿದ ಹಾಲಿನ ಲೆಕ್ಕವನ್ನು ಅವನು ಬರೆದಿರುವನು. ಕೊಬ್ಬಿನಂಶ ಇಳಿದಾಗ ದರವೇಕೆ ಇಳಿಯಿತೆಂದು ಕಾರ್ಯದರ್ಶಿಯನ್ನು ಕೇಳಿರುವನು. ಬೆಳೆಸಾಲದ ಬಡ್ಡಿ, ಗೊಬ್ಬರದ ಬೆಲೆ, ಮಂಡಿಯ ತೂಕ, ಇವುಗಳ ನಡುವೆ ಮನೆಯ ಹಣ ಎಲ್ಲಿ ಸೋರಿತೆಂಬುದನ್ನು ಕಣ್ಣಾರೆ ಕಂಡಿರುವನು. ವ್ಯವಹಾರದ ಸಲಹೆಗಾರನಿಗೆ ಇದಕ್ಕಿಂತ ಮಿಗಿಲಾದ ಪೂರ್ವಾನುಭವ ಯಾವುದು? ಆದರೆ ಅದೆಲ್ಲ ಸಂದರ್ಶನದಲ್ಲಿ ಹೇಳತಕ್ಕದ್ದಲ್ಲವೆಂದು ಅವನಿಗೆ ಕಲಿಸಿದ್ದಾರೆ. ತನ್ನ ಮನೆಯನ್ನು ಕುರಿತು ನಾಚುವುದನ್ನು ಕಲಿಸಿ, ಅದಕ್ಕೆ ಶುಲ್ಕವನ್ನೂ ತೆಗೆದುಕೊಂಡಿದ್ದಾರೆ.

ಆಂಗ್ಲಭಾಷೆ ಬೇಕೆಂಬುದರಲ್ಲಿ ವಿವಾದವಿಲ್ಲ. ಆ ಸಂಸ್ಥೆಗಳ ಕೆಲಸವೆಲ್ಲ ಆ ಭಾಷೆಯಲ್ಲಿಯೇ ನಡೆಯತಕ್ಕದ್ದು. ಭಾಷೆಯನ್ನು ಕಲಿಯಲು ವರ್ಷಗಳು ಬೇಕು, ಬಾಯಿಪಾಠಕ್ಕೆ ವಾರಗಳು ಸಾಕು. ವರ್ಷಗಳ ಕೆಲಸವನ್ನು ಮಾಡದ ಕಾಲೇಜು ವಾರಗಳ ಕೆಲಸದಿಂದ ಅದನ್ನು ಮುಚ್ಚಿಕೊಳ್ಳಲು ನೋಡುತ್ತಿದೆಯೆಂಬುದೇ ಇಲ್ಲಿಯ ಸತ್ಯ.

ಸಣ್ಣ ಸುಳ್ಳು, ಉದ್ಯೋಗ ಸಿಕ್ಕಿದಮೇಲೆ ತಾನೇ ಹೋಗುವುದು, ಎಂದು ಸಮಾಧಾನ ಪಡುವವರಿದ್ದಾರೆ. ಅಂಥವರು ಈಚಿನ ಚರಿತ್ರೆಯನ್ನು ಗಮನಿಸಬೇಕು. ೨೦೧೯ರ ಜೂನಿನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗವು ಕೆಪಿಎಂಜಿ ಸಂಸ್ಥೆಗೆ ೫ ಕೋಟಿ ಡಾಲರ್ ದಂಡ ವಿಧಿಸಿತು. ಅದರ ಕಾರಣಗಳಲ್ಲೊಂದು, ಅಲ್ಲಿಯ ಪರಿಶೋಧಕರು ಸಂಸ್ಥೆಯ ಒಳಗಿನ ತರಬೇತಿ ಪರೀಕ್ಷೆಗಳಲ್ಲಿ ಉತ್ತರಗಳನ್ನು ಹಂಚಿಕೊಂಡಿದ್ದರೆಂಬುದು. ಕೆಲವರು ಉತ್ತೀರ್ಣರಾಗಲು ಬೇಕಾದ ಅಂಕವನ್ನೇ ತಗ್ಗಿಸಿಕೊಂಡಿದ್ದರು. ೨೦೨೨ರ ಜೂನಿನಲ್ಲಿ ಅದೇ ಆಯೋಗವು ಇವೈ ಸಂಸ್ಥೆಗೆ ೧೦ ಕೋಟಿ ಡಾಲರ್ ದಂಡ ವಿಧಿಸಿತು. ಅಲ್ಲಿಯ ಪರಿಶೋಧಕರಲ್ಲಿ ಹಲವರು ತಮ್ಮ ವೃತ್ತಿಪರೀಕ್ಷೆಯಲ್ಲಿ ನಕಲು ಮಾಡಿದ್ದರು. ನಕಲು ಮಾಡಿದ್ದು ನೀತಿಶಾಸ್ತ್ರದ ಪತ್ರಿಕೆಯಲ್ಲಿ! ಸಂಸ್ಥೆಯು ಈ ವಿಷಯವನ್ನು ವಿಚಾರಣೆಯ ಕಾಲದಲ್ಲಿ ಮರೆಮಾಚಿದ್ದು ಇನ್ನೊಂದು ಅಪರಾಧವೆನಿಸಿತು. ಈ ಜನರು ನಕಲನ್ನು ಆ ಪರೀಕ್ಷೆಯ ದಿನವೇ ಮೊದಲು ಕಲಿತರೆಂದು ನಂಬುವುದು ಕಷ್ಟ. ಉತ್ತರವೆಂಬುದು ಪರರಿಂದ ಪಡೆದು ಒಪ್ಪಿಸತಕ್ಕ ವಸ್ತುವೆಂಬ ಭಾವನೆ ಎಳವೆಯಲ್ಲಿಯೇ ಬೇರೂರಿದ್ದರೆ, ನೀತಿಯ ಪ್ರಶ್ನೆಗೂ ಉತ್ತರವನ್ನು ಹಾಗೆಯೇ ಹುಡುಕುವುದು ಸಹಜ.

ಇಂಥ ಪರಿಶೋಧಕರಿಂದ ಯಾರಿಗೆ ನಷ್ಟವೆಂದರೆ, ಅವರ ಮಾತನ್ನು ನಂಬಿದವರಿಗೆ. ೧೯೧೩ರಲ್ಲಿ ಶಿಕಾಗೋ ನಗರದಲ್ಲಿ ಹುಟ್ಟಿ, ಜಗತ್ತಿನ ಐದು ದೊಡ್ಡ ಸಂಸ್ಥೆಗಳಲ್ಲೊಂದೆನಿಸಿದ್ದ ಆರ್ಥರ್ ಆಂಡರ್ಸನ್, ಎನ್ರಾನ್ ಕಂಪನಿಯ ಲೆಕ್ಕದ ಹಗರಣದಿಂದ ೨೦೦೨ರಲ್ಲಿ ಕುಸಿಯಿತು. ಆ ವರ್ಷ ಅದರ ಮೇಲೆ ಹೊರಟ ಅಪರಾಧನಿರ್ಣಯವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ರದ್ದುಗೊಳಿಸಿದರೂ ಸಂಸ್ಥೆ ಮರಳಿ ಏಳಲಿಲ್ಲ; ನ್ಯಾಯಾಲಯವು ತೀರ್ಪನ್ನು ಹಿಂದೆಗೆಯಬಲ್ಲುದು, ಹೋದ ನಂಬಿಕೆಯನ್ನು ತಂದುಕೊಡಲಾರದು. ನೆರೆಯ ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ೨೦೦೯ರ ಜನವರಿ ೭ರಂದು ತಾವೇ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ್ದ ೫,೦೦೦ ಕೋಟಿ ರೂಪಾಯಿಗಳಿಗೂ ಮಿಕ್ಕ ಹಣವು ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಆ ಲೆಕ್ಕಗಳಿಗೆಲ್ಲ ಪರಿಶೋಧಕರ ಸಹಿ ಬಿದ್ದಿತ್ತು. ಮುಳುಗಿದ ಉಳಿತಾಯಗಳಲ್ಲಿ ಸಾಮಾನ್ಯ ಗೃಹಸ್ಥರವೂ ಇದ್ದುವು.

ತಪ್ಪೆಲ್ಲ ಹುಡುಗರದೆಂದಾಗಲಿ ತರಬೇತಿಯ ಅಂಗಡಿಗಳದೆಂದಾಗಲಿ ಇದರಿಂದ ಎಣಿಸಕೂಡದು. ವರ್ಷವರ್ಷವೂ ಅವೇ ಪ್ರಶ್ನೆಗಳನ್ನು ಕೇಳುವ ಸಂಸ್ಥೆಗಳು ಅವೇ ಉತ್ತರಗಳನ್ನು ಬೇಡಿ ಪಡೆಯುತ್ತಿವೆ. ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅತ್ಯಧಿಕ ಸಂಬಳವೆಷ್ಟು, ಎಂಬ ಎರಡು ಅಂಕೆಗಳನ್ನು ಹೆಬ್ಬಾಗಿಲಿಗೆ ತೂಗಹಾಕುವ ಕಾಲೇಜುಗಳಿಗೆ, ಒಳಗೆ ಕಲಿತದ್ದೇನೆಂಬ ಮೂರನೆಯ ಪ್ರಶ್ನೆಯೇ ಏಳುವುದಿಲ್ಲ. ಆ ಎರಡು ಅಂಕೆಗಳನ್ನು ನೋಡಿಯೇ ಕಾಲೇಜನ್ನು ಆರಿಸುವ ತಂದೆತಾಯಿಗಳೂ ಈ ವ್ಯಾಪಾರದಲ್ಲಿ ಪಾಲುದಾರರು.

ಹಾಗಾದರೆ ಸರಿಯಾದ ಸಿದ್ಧತೆ ಯಾವುದು? ಅದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಮೂರು ವರ್ಷಗಳ ತಾಳ್ಮೆ ಬೇಕು. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸ್ಥಾಪಿತವಾದ ಕೃಷಿ ಪತ್ತಿನ ಸಹಕಾರ ಸಂಘವು ಭಾರತದಲ್ಲಿಯೇ ಮೊದಲನೆಯದು. ಅಂದಿನಿಂದ ಈ ನಾಡಿನಲ್ಲಿ ಸಹಕಾರ ಸಂಘವಿಲ್ಲದ ಹೋಬಳಿಯೇ ಇಲ್ಲವೆನ್ನಬಹುದು. ಅವು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಜಮಾಖರ್ಚಿನ ಪಟ್ಟಿಯನ್ನೂ ಆಸ್ತಿಹೊಣೆಗಳ ಪಟ್ಟಿಯನ್ನೂ ಅಚ್ಚುಮಾಡಿ ಹಂಚುತ್ತವೆ. ಪರಿಶೋಧನೆಯ ಕೆಲಸಕ್ಕೆ ಹೋಗಬಯಸುವ ವಿದ್ಯಾರ್ಥಿಯು ತನ್ನೂರಿನ ಸಂಘದ ಐದು ವರ್ಷಗಳ ವರದಿಗಳನ್ನು ಎದುರಿಗಿಟ್ಟುಕೊಂಡು, ಸಾಲ ಬೆಳೆದಷ್ಟು ವಸೂಲಿ ಬೆಳೆಯಿತೇ, ಲಾಭವೆಂದು ತೋರಿದ್ದು ಕೈಗೆ ಬಂದ ಹಣವೇ ಬರಬೇಕಾದ ಹಣವೇ, ಎಂದು ಶೋಧಿಸಲಿ. ಕಂಡದ್ದನ್ನು ಎರಡು ಪುಟಗಳಲ್ಲಿ ಮೊದಲು ಕನ್ನಡದಲ್ಲಿ ಬರೆದು ತಾಯಿಗೆ ಓದಿಹೇಳಲಿ. ಅವಳಿಗೆ ತಿಳಿದ ಬಳಿಕ ಅದನ್ನೇ ಆಂಗ್ಲಭಾಷೆಯಲ್ಲಿ ಬರೆಯಲಿ. ಅವಳಿಗೆ ತಿಳಿಯದಿದ್ದರೆ ಅವನಿಗೂ ತಿಳಿದಿಲ್ಲವೆಂದೇ ಅರ್ಥ. ಇಂಥ ಮೂರು ಶೋಧಗಳನ್ನು ಮಾಡಿದವನಿಗೆ ಸಂದರ್ಶನದ ಯಾವ ಪ್ರಶ್ನೆಗೂ ಎರವಿನ ಪ್ರಸಂಗ ಬೇಕಾಗದು.

ಚರ್ಚೆಗೆ ಸಿದ್ಧತೆಯೆಂದರೆ, ಕಾಲೇಜಿನಲ್ಲಿ ವಾರಕ್ಕೊಂದು ದಿನ ವಾದಸಭೆ ನಡೆಯಲಿ. ಅದರಲ್ಲಿ ಒಂದೇ ನಿಯಮ: ಎದುರಿನವನು ಹೇಳಿದುದನ್ನು ಅವನು ಒಪ್ಪುವಂತೆ ಮೊದಲು ಅನುವಾದಿಸಿ, ಅನಂತರ ತನ್ನ ಮಾತನ್ನಾಡತಕ್ಕದ್ದು. ಪೂರ್ವಪಕ್ಷವನ್ನು ಸರಿಯಾಗಿ ಹೇಳಲಾರದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲವೆಂಬುದು ಈ ದೇಶದ ವಿದ್ವತ್ಸಭೆಗಳ ಮರ್ಯಾದೆ. ಇದಲ್ಲದೆ ತಿಳಿಯದ ಪ್ರಶ್ನೆಗೆ ತಿಳಿಯದೆಂದು ಹೇಳುವುದನ್ನು ಅಧ್ಯಾಪಕರು ಮೊದಲ ವರ್ಷದಿಂದಲೇ ಅಭ್ಯಾಸ ಮಾಡಿಸಬೇಕು. ಹಾಗೆ ಹೇಳಿದವನಿಗೆ ತರಗತಿಯಲ್ಲಿ ಅವಮಾನವಾಗದಂತೆ ನೋಡಿಕೊಳ್ಳಬೇಕು. ಲೆಕ್ಕದ ಪುಸ್ತಕದ ಮುಂದೆ ಕೂತ ಪರಿಶೋಧಕನಿಗೆ ಅತ್ಯಂತ ಉಪಯುಕ್ತವಾದ ಮಾತು ಅದೇ: ಇದು ತಿಳಿಯಲಿಲ್ಲ, ತೋರಿಸಿ.

ಹೀಗೆ ಸಿದ್ಧನಾದವನಿಗೆ ಮೊದಲ ಸಂಸ್ಥೆಯಲ್ಲಿಯೇ ಕೆಲಸ ದೊರೆಯುವುದೆಂದು ಯಾರೂ ಭರವಸೆ ಕೊಡಲಾರರು. ಎರವಿನ ಉತ್ತರ ಒಪ್ಪಿಸಿದವನು ಒಳಗೆ ಹೋಗಿ, ನಿಜ ಹೇಳಿದವಳು ಹೊರಗೆ ಉಳಿದ ಉದಾಹರಣೆಗಳು ಇದ್ದೇ ಇರುವುವು. ಆದರೆ ಒಂದು ಬಾಗಿಲು ಮುಚ್ಚಿದಾಗ ಅವಳ ಕೈಯಲ್ಲಿ ವಿದ್ಯೆ ಉಳಿದಿರುವುದು; ಅವನ ಕೈಯಲ್ಲಿ ಉಳಿಯುವುದು ಮುಂದಿನ ಪರೀಕ್ಷೆಯ ಭಯ. ಮನೆಯ ಹಿರಿಯರು ಮಕ್ಕಳನ್ನು ತರಬೇತಿಯ ಅಂಗಡಿಗೆ ಕಳುಹಿಸುವ ಮುನ್ನ ಒಂದು ಸಂಜೆ ಎದುರಿಗೆ ಕೂರಿಸಿಕೊಂಡು, ಈ ಮೂರು ವರ್ಷಗಳಲ್ಲಿ ನೀನಾಗಿ ಕಂಡುಕೊಂಡದ್ದೇನೆಂದು ಕೇಳಲಿ. ಉತ್ತರ ಬಂದರೆ ಅದನ್ನೇ ಸಂಸ್ಥೆಯವರ ಮುಂದೆ ಹೇಳೆಂದು ಹರಸಿ ಕಳುಹಿಸಬಹುದು. ಬಾರದಿದ್ದರೆ, ಶುಲ್ಕದ ಹಣವನ್ನು ಮನೆಯಲ್ಲಿಯೇ ಇಟ್ಟು, ಮರುದಿನ ಬೆಳಗ್ಗೆ ಊರಿನ ಸಹಕಾರ ಸಂಘಕ್ಕೆ ಕಳುಹಿಸುವುದು ಲೇಸು.